ಲೋಳೆಸರ, ಹಸಿರು ಚಹಾ: ತಾಗಿದಲ್ಲಿ ಮದ್ದು, ನುಂಗಿದರೆ ಅಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಮದ್ದುಗಳ ಮಾತು ಜೋರಾಗುತ್ತದೆ. ಒಂದು ಹಿತ್ತಲಿನ ಲೋಳೆಸರ, ಇನ್ನೊಂದು ಅಂಗಡಿಯಿಂದ ತರುವ ಹಸಿರು ಚಹಾ. ಎರಡೂ ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಗಾಯಕ್ಕೆ ಹಚ್ಚಿ, ಜ್ವರಕ್ಕೆ ಕುಡಿಯಿರಿ, ಆ್ಯಂಟಿಬಯೋಟಿಕ್ ಗುಳಿಗೆಯೇ ಬೇಡ ಎನ್ನುವ ಬರಹಗಳು ಮೊಬೈಲಿನಲ್ಲೂ ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಬರುತ್ತಲೇ ಇವೆ. ಇದರಲ್ಲಿ ಅರ್ಧ ನಿಜ. ಆ ಅರ್ಧವನ್ನು ಸರಿಯಾಗಿ ಬಳಸುವುದು ಹೇಗೆ, ಉಳಿದರ್ಧವನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ತಿಳಿಸಲು ಈ ಪತ್ರ. ಪತ್ರ ಉದ್ದವಾಗಿದೆ, ಆದರೆ ಅಳತೆ, ಹೊತ್ತು, ಎಚ್ಚರಿಕೆ ಬಿಟ್ಟುಹೋದರೆ ಮದ್ದಿನ ಮಾತಿಗೆ ಅರ್ಥವಿಲ್ಲ. ಹಾಗಾಗಿ ದಯವಿಟ್ಟು ಇದನ್ನು ಕತ್ತರಿಸದೆ ಪ್ರಕಟಿಸಬೇಕು.

'ಬ್ಯಾಕ್ಟೀರಿಯಾ ನಾಶಕ' ಎಂಬ ಮಾತು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಪ್ರಯೋಗಾಲಯದಲ್ಲಿ ಅಗರ್, ಎಂದರೆ ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ವಸ್ತು, ಹಾಕಿದ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, ಅದರಲ್ಲಿ ಸಣ್ಣ ಗುಳಿ ತೆಗೆದು, ಗುಳಿಗೆ ಎಲೆಯ ಸಾರ ತುಂಬಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಕಂಡರೆ ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಪಕ್ಕದಲ್ಲಿ ಆ್ಯಂಟಿಬಯೋಟಿಕ್ ಬಿಲ್ಲೆ ಇಟ್ಟು ಹೋಲಿಸುತ್ತಾರೆ. 'ಲೋಳೆಸರ ಆ್ಯಂಟಿಬಯೋಟಿಕ್‌ಗೆ ಸಮ' ಎಂಬ ಸುದ್ದಿ ಹುಟ್ಟುವುದು ಈ ಹೋಲಿಕೆಯಿಂದಲೇ. ಆದರೆ ಪ್ರಮಾಣ ನೋಡಿ. ಮಿಲಿಲೀಟರಿಗೆ 50 ಮಿಲಿಗ್ರಾಂ ಸಾಂದ್ರತೆಯ ಸಾರವನ್ನು 100 ಮೈಕ್ರೋಲೀಟರ್ ಹಾಕಿದರೆ ಗುಳಿಯೊಳಗೆ 5,000 ಮೈಕ್ರೋಗ್ರಾಂ ಸಾರ ಇರುತ್ತದೆ. ಪಕ್ಕದ ಆಂಪಿಸಿಲಿನ್ ಬಿಲ್ಲೆಯಲ್ಲಿ ಇರುವುದು 10 ಮೈಕ್ರೋಗ್ರಾಂ ಮಾತ್ರ. ವೃತ್ತ ಸಮ ಬಂದರೂ ಸಾರ ಬೇಕಾದದ್ದು ಐನೂರು ಪಟ್ಟು. ಇನ್ನೊಂದು ಸಂಗತಿ, ಸಾರ ತೆಗೆಯಲು ಬಳಸುವ ಎಥನಾಲ್, ಮೆಥನಾಲ್ ತಾವೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಸಾರವಿಲ್ಲದ ಬರೀ ದ್ರಾವಕವನ್ನು ಇನ್ನೊಂದು ಗುಳಿಗೆ ಹಾಕಿ ಹೋಲಿಸದಿದ್ದರೆ ಕಂಡ ವೃತ್ತ ಎಲೆಯದೋ ಮದ್ಯಸಾರದ್ದೋ ಹೇಳಲಾಗದು. ಕಾಲೇಜು ಮಕ್ಕಳ ಪ್ರಾಜೆಕ್ಟುಗಳಲ್ಲಿ ಈ ಹೋಲಿಕೆ ತಪ್ಪಿಹೋಗುವುದು ತೀರಾ ಸಾಮಾನ್ಯ. ಮಾರ್ಗದರ್ಶನ ಮಾಡುವ ಅಧ್ಯಾಪಕರು ಇದನ್ನು ಕಡ್ಡಾಯ ಮಾಡಬೇಕು.

ಹಾಗೆಂದು ಹಸಿರು ಚಹಾದ ಗುಣ ಸುಳ್ಳಲ್ಲ. ಚಹಾ ಗಿಡದ ಎಲೆಯನ್ನು ಕೊಯ್ದ ಕೂಡಲೇ ಹಬೆಯಲ್ಲಿ ಬೇಯಿಸಿ ಅಥವಾ ಬಾಣಲೆಯಲ್ಲಿ ಹುರಿದು, ಎಲೆಯೊಳಗಿನ ಕಿಣ್ವದ ಕೆಲಸ ನಿಲ್ಲಿಸಿದರೆ ಹಸಿರು ಚಹಾ ಆಗುತ್ತದೆ. ಕಿಣ್ವಕ್ಕೆ ಕೆಲಸ ಮಾಡಲು ಬಿಟ್ಟರೆ ಅದೇ ಎಲೆ ಕಪ್ಪು ಚಹಾ. ಹಸಿರಿನಲ್ಲಿ ಉಳಿದು ಕಪ್ಪಿನಲ್ಲಿ ಬಹುಪಾಲು ರೂಪ ಬದಲಿಸುವ ವಸ್ತುಗಳೇ ಕ್ಯಾಟೆಚಿನ್‌ಗಳು. ಅವುಗಳಲ್ಲಿ ಮುಖ್ಯವಾದದ್ದು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಚಿಕ್ಕದಾಗಿ ಇಜಿಸಿಜಿ. ಇದು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿ, ಪೊರೆಯನ್ನು ಸಡಿಲಗೊಳಿಸಿ, ಒಳಗಿನದನ್ನು ಸೋರಿಸುತ್ತದೆ. ಜೊತೆಗೆ ತಾನು ಆಕ್ಸಿಡೀಕರಣಗೊಳ್ಳುತ್ತ ಸಣ್ಣ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೀವುಗುಳ್ಳೆಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆಯದಂತೆ ತಡೆಯಲು ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ ಇಜಿಸಿಜಿ ಸಾಕು. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ತಳಿಗಳನ್ನು ಪೆನಿಸಿಲಿನ್ ಜಾತಿಯ ಔಷಧಿಗಳಿಗೆ ಮತ್ತೆ ಮಣಿಯುವಂತೆ ಮಾಡುವ ಶಕ್ತಿಯೂ ಇದಕ್ಕೆ ಪ್ರಯೋಗಾಲಯದಲ್ಲಿ ಕಂಡಿದೆ.

ಎರಡು ಗ್ರಾಂ ಒಳ್ಳೆಯ ಎಲೆಯನ್ನು 200 ಮಿಲಿಲೀಟರ್ ನೀರಿನಲ್ಲಿ ನೆನೆಸಿದರೆ ಲೋಟದಲ್ಲಿ ಸುಮಾರು 50ರಿಂದ 100 ಮಿಲಿಗ್ರಾಂ ಇಜಿಸಿಜಿ ಇಳಿಯುತ್ತದೆ, ಎಂದರೆ ಮಿಲಿಲೀಟರಿಗೆ 250ರಿಂದ 500 ಮೈಕ್ರೋಗ್ರಾಂ. ಬಾಯಿಯಲ್ಲಿ ಇರುವಷ್ಟು ಹೊತ್ತು ಈ ಪ್ರಮಾಣ ಸಾಕಷ್ಟಾಯಿತು. ನುಂಗಿದ ಮೇಲೆ ಕಥೆಯೇ ಬೇರೆ. ಕರುಳಿನಿಂದ ರಕ್ತಕ್ಕೆ ಹೋಗುವುದು ಅತ್ಯಲ್ಪ, ಹೋದದ್ದನ್ನೂ ಯಕೃತ್ತು ಬೇಗ ರೂಪಾಂತರಿಸುತ್ತದೆ. ಒಂದೆರಡು ಲೋಟ ಕುಡಿದ ಮೇಲೆ ರಕ್ತದಲ್ಲಿ ಸಿಗುವುದು ಮಿಲಿಲೀಟರಿಗೆ ಅರ್ಧ ಮೈಕ್ರೋಗ್ರಾಂಗಿಂತಲೂ ಕಡಿಮೆ. ಬೇಕಾದದ್ದಕ್ಕಿಂತ ಕನಿಷ್ಠ ನೂರು ಪಟ್ಟು ಕಡಿಮೆಯಾಯಿತು. ಆದ್ದರಿಂದ ಕಾಲಿನ ಗಾಯದ ನಂಜಿಗೆ, ಮೂತ್ರದ ಸೋಂಕಿಗೆ, ಕಫದ ಜ್ವರಕ್ಕೆ ಹಸಿರು ಚಹಾ ಕುಡಿದು ಬ್ಯಾಕ್ಟೀರಿಯಾ ಸಾಯಿಸುವುದು ಆಗದ ಕೆಲಸ. ಎಷ್ಟು ಲೋಟ ಕುಡಿದರೂ ಅಷ್ಟೆ.

2006ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಸಿರು ಚಹಾದ ಕ್ಯಾಟೆಚಿನ್‌ಗಳಿಂದ ಮಾಡಿದ ಔಷಧವೊಂದಕ್ಕೆ ಅನುಮತಿ ಕೊಟ್ಟಿತು. ಅದೂ ಕುಡಿಯುವ ಮದ್ದಲ್ಲ. ವೈರಾಣುವಿನಿಂದ ಹುಟ್ಟುವ ನರುಲಿಗಳ ಮೇಲೆ ಹಚ್ಚುವ, ನೂರಕ್ಕೆ 15 ಭಾಗ ಸಾರವಿರುವ ಮುಲಾಮು.

ಬ್ಯಾಕ್ಟೀರಿಯಾಗಳಲ್ಲೂ ಎಲ್ಲವೂ ಒಂದೇ ಅಲ್ಲ. ಬ್ಯಾಕ್ಟೀರಿಯಾ ಗುರುತಿಸಲು ಪ್ರಯೋಗಾಲಯದಲ್ಲಿ ಹಾಕುವ 'ಗ್ರಾಂ' ಎಂಬ ಬಣ್ಣಕ್ಕೆ ನೇರಳೆಯಾಗುವ ಗುಂಪು ಚಹಾಕ್ಕೆ ಸುಲಭವಾಗಿ ಬಗ್ಗುತ್ತದೆ. ಗ್ರಾಂ ಋಣಾತ್ಮಕ ಎಂದು ಕರೆಯುವ ಇನ್ನೊಂದು ಗುಂಪಿಗೆ ಹೊರಗಡೆ ಮತ್ತೊಂದು ಪೊರೆ ಇದೆ, ಕ್ಯಾಟೆಚಿನ್ ಒಳಗಿಳಿಯುವುದಿಲ್ಲ. ಅವುಗಳನ್ನು ತಡೆಯಲು ಮಿಲಿಲೀಟರಿಗೆ 800 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕು, ಲೋಟದ ಚಹಾದಲ್ಲೇ ಅಷ್ಟಿಲ್ಲ. ನಮ್ಮ ಕರಾವಳಿಯಲ್ಲಿ ಭಯಪಡಬೇಕಾದವುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಬೆಚ್ಚಗಿನ ಉಪ್ಪುನೀರಿನಲ್ಲಿ ಬದುಕುವ ವಿಬ್ರಿಯೊ ಮೀನಿನ ಮುಳ್ಳು ಚುಚ್ಚಿದ ಗಾಯದಿಂದ ಒಳಹೊಕ್ಕರೆ ಒಂದೆರಡು ದಿನದಲ್ಲೇ ಕಾಲನ್ನು ಕೊಳೆಸಬಲ್ಲದು. ಸುಟ್ಟಗಾಯವನ್ನು ಹಸಿರು ಕೀವಿನಿಂದ ತುಂಬುವ ಸೂಡೊಮೊನಾಸ್ ಕೂಡ ಇದೇ ಗುಂಪು. ಕಾರವಾರ, ಅಂಕೋಲಾದ ಮೀನುಗಾರಿಕೆ ಧಕ್ಕೆಗಳಲ್ಲಿ ಕೆಲಸ ಮಾಡುವವರು ಮುಳ್ಳು ಚುಚ್ಚಿದ ಜಾಗ ಊದಿ, ಕೆಂಪು ಮೇಲಕ್ಕೆ ಏರುತ್ತಿದ್ದರೆ ಚಹಾಸೊಪ್ಪು ಕಟ್ಟಿಕೊಂಡು ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಸಿರು ಚಹಾ ನಿಜವಾಗಿ ಕೈಹಿಡಿಯುವುದು ಬಾಯಿಯಲ್ಲಿ. ಹಲ್ಲು ಹುಳುಕಿಗೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಸಕ್ಕರೆಯಿಂದ ಒಂದು ಬಗೆಯ ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಕ್ಯಾಟೆಚಿನ್ ಆ ಅಂಟು ತಯಾರಿಸುವ ಕಿಣ್ವವನ್ನೇ ತಡೆಯುತ್ತದೆ. ಒಂದು ನಿಮಿಷದ ಮುಕ್ಕಳಿಕೆಯಲ್ಲಿ ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ, ಎಂಜಲಿನ ಪ್ರೋಟೀನುಗಳೂ ಕ್ಯಾಟೆಚಿನ್ನನ್ನು ಹಿಡಿದುಕೊಳ್ಳುತ್ತವೆ. ಆದರೆ ಅಂಟು ಕಡಿಮೆಯಾದರೆ ಹಲ್ಲಿನ ಪಾಚಿ ಕಡಿಮೆ, ಒಸಡಿನ ರಕ್ತ ಕಡಿಮೆ. ಮಾಡುವ ವಿಧಾನ ಹೀಗೆ: ಎರಡು ಗ್ರಾಂ ಎಲೆ, ಎಂದರೆ ಸುಮಾರು ಒಂದು ಚಹಾ ಚಮಚ, 100 ಮಿಲಿಲೀಟರ್ ಬಿಸಿನೀರಿಗೆ ಹಾಕಿ ಮುಚ್ಚಿ ಐದು ನಿಮಿಷ ಬಿಡಿ. ಸೋಸಿ ಆರಿಸಿ. ಸಕ್ಕರೆ, ಬೆಲ್ಲ, ಜೇನು ಏನೂ ಬೇಡ, ಸಿಹಿ ಹಾಕಿದರೆ ಅದೇ ಬ್ಯಾಕ್ಟೀರಿಯಾಕ್ಕೆ ಊಟ ಬಡಿಸಿದಂತೆ. ಹಲ್ಲುಜ್ಜಿದ ಮೇಲೆ ಎರಡು ಚಮಚದಷ್ಟನ್ನು ಒಂದು ನಿಮಿಷ ಬಾಯಿಯಲ್ಲಿ ಆಡಿಸಿ ಉಗಿಯಿರಿ, ದಿನಕ್ಕೆ ಎರಡು ಸಲ. ಬೆಳಿಗ್ಗೆ ಮಾಡಿದ್ದನ್ನು ಅಂದೇ ಮುಗಿಸಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಸ್ವಲ್ಪ ಕಂದು ಬಣ್ಣ ಹಿಡಿಯಬಹುದು. ದಂತವೈದ್ಯರು ಕೊಡುವ ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಇದಕ್ಕಿಂತ ಬಲವಾದದ್ದು. ಹಲ್ಲು ಕಿತ್ತ ಮೇಲೆ, ಒಸಡಿನ ಶಸ್ತ್ರಚಿಕಿತ್ಸೆಯ ಮೇಲೆ ಅವರು ಹೇಳಿದ್ದನ್ನೇ ಬಳಸಬೇಕು. ಎಲೆಯಡಿಕೆ ತಂಬಾಕು ಜಗಿಯುವವರ ಬಾಯಿಯ ಬಿಳಿ ಮಚ್ಚೆಗೆ, ಬಾಯಿ ತೆರೆಯಲಾಗದ ಬಿಗಿತಕ್ಕೆ ಇದು ಮದ್ದಲ್ಲ. ಅವರು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನೀರಿನ ಶಾಖದ ಬಗ್ಗೆ ಒಂದು ಮಾತು. ಕುದಿಯುವ ನೀರನ್ನು ನೇರ ಸುರಿದರೆ ಕಹಿ, ಒಗರು ಹೆಚ್ಚು. 80 ಡಿಗ್ರಿಯ ಆಸುಪಾಸು ಸರಿ. ಮನೆಯಲ್ಲಿ ಥರ್ಮಾಮೀಟರ್ ಬೇಕಿಲ್ಲ. ಮೂರು ಲೋಟ ಕುದಿನೀರಿಗೆ, ಮೊದಲೇ ಕುದಿಸಿ ಆರಿಸಿಟ್ಟ ನೀರು ಒಂದು ಲೋಟ ಬೆರೆಸಿದರೆ 80 ಡಿಗ್ರಿ ಸಿಗುತ್ತದೆ. ಕುಡಿಯಲಿಕ್ಕಾದರೆ ಎರಡರಿಂದ ಮೂರು ನಿಮಿಷ ಸಾಕು. ಹಾಲು ಹಾಕಬಾರದು, ಹಾಲಿನ ಕೇಸೀನ್ ಎಂಬ ಪ್ರೋಟೀನು ಕ್ಯಾಟೆಚಿನ್ನನ್ನು ಕಟ್ಟಿಹಾಕುತ್ತದೆ. ಅಡುಗೆ ಸೋಡ ಹಾಕಿದರೆ, ಗಡಸು ನೀರಾದರೆ ಚಹಾ ಬೇಗ ಕಂದಾಗುತ್ತದೆ. ಕ್ಷಾರ ಹೆಚ್ಚಿದಷ್ಟೂ ಕ್ಯಾಟೆಚಿನ್ ಕೆಡುತ್ತದೆ, ನಾಲ್ಕು ಹನಿ ಲಿಂಬೆರಸ ಹಿಂಡಿದರೆ ತಾಳುತ್ತದೆ. ನಮ್ಮ ಕಡೆಯ ಮಳೆಗಾಲದ ತೇವ ಎಲೆಗೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ 50, 100 ಗ್ರಾಂನ ಪೊಟ್ಟಣವನ್ನಷ್ಟೇ ತಂದು, ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಎಲೆ ಹಳದಿ ಕಂದಾಗಿದ್ದರೆ, ಹುಲ್ಲಿನ ಪರಿಮಳ ಹೋಗಿ ಹಳಸಲು ವಾಸನೆ ಬಂದರೆ ಅದರಲ್ಲಿ ಹೇಳುವಂಥ ಗುಣ ಉಳಿದಿಲ್ಲ. ಅಂದಹಾಗೆ ಮಜ್ಜಿಗೆಹುಲ್ಲಿನ ಕಷಾಯವನ್ನು ಹಸಿರು ಚಹಾ ಎಂದು ಮಾರುವುದೂ ಉಂಟು. ಕಷಾಯ ಒಳ್ಳೆಯದೇ, ಆದರೆ ಅದರಲ್ಲಿ ಕ್ಯಾಟೆಚಿನ್ ನಿರೀಕ್ಷಿಸಬೇಡಿ.

ಇನ್ನು ಲೋಳೆಸರ. ಇದರಲ್ಲಿ ಆಗುವ ಬಹುತೇಕ ಎಡವಟ್ಟಿಗೆ ಕಾರಣ ಎಲೆಯ ಮೂರು ಪದರಗಳನ್ನು ಒಂದೇ ಎಂದು ತಿಳಿಯುವುದು. ಹೊರಗೆ ಹಸಿರು ಸಿಪ್ಪೆ. ಸಿಪ್ಪೆಗೆ ತಾಗಿದಂತೆ ಒಳಗೆ ಸಣ್ಣ ನಾಳಗಳ ಸಾಲು, ಅವುಗಳಿಂದ ಸೋರುವ ಹಳದಿ ಕಹಿ ಸೊನೆ. ನಡುವೆ ಬಣ್ಣವಿಲ್ಲದ ತಿಳಿ ಲೋಳೆ. ಲೋಳೆಯಲ್ಲಿ ನೂರಕ್ಕೆ 98ರಿಂದ 99 ಭಾಗ ನೀರೇ, ಉಳಿದದ್ದರಲ್ಲಿ ಅಸಿಮ್ಯಾನನ್ ಮುಂತಾದ ದೀರ್ಘ ಸರಪಣಿಯ ಸಕ್ಕರೆಗಳು ಮುಖ್ಯ. ಚರ್ಮವನ್ನು ತಂಪಾಗಿಸಿ, ತೇವ ಹಿಡಿದು, ಗಾಯ ಕೂಡಲು ನೆರವಾಗುವುದು ಈ ಲೋಳೆ. ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಹೆಚ್ಚಾಗಿ ಇರುವುದು ಹಳದಿ ಸೊನೆಯ ಅಲೋಯಿನ್, ಅಲೋ ಎಮೋಡಿನ್ ಎಂಬ ವಸ್ತುಗಳಲ್ಲಿ. ಹಚ್ಚಲು ಬೇಕಾದದ್ದು ಲೋಳೆ, ಬ್ಯಾಕ್ಟೀರಿಯಾ ಕೊಲ್ಲುವುದು ಸೊನೆ. ಸೊನೆಯನ್ನೇ ಹಚ್ಚಿದರೆ ಹಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ, ನುಂಗಿದರೆ ಭೇದಿ. ಒಣಗಿಸಿದ ಈ ಸೊನೆಯೇ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕರಿಬೋಳ. ತೊಳೆದ ತಿಳಿ ಲೋಳೆಗೆ ತನ್ನಷ್ಟಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಅಲ್ಪ. ಅಷ್ಟೇ ಅಲ್ಲ, ಎಲೆಯೊಳಗಿರುವ ತನಕ ಸ್ವಚ್ಛವಾಗಿರುವ ಲೋಳೆ ಹೊರಬಂದ ಮೇಲೆ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ನೀರಿದೆ, ಸಕ್ಕರೆ ಇದೆ, ನಮ್ಮ ಕರಾವಳಿಯ ಸೆಖೆಯೂ ಇದೆ.

ಮೊದಲು ಗಿಡ ಗುರುತಿಸಿ. ಬೇಲಿಯ ಕತ್ತಾಳೆಯನ್ನು ಲೋಳೆಸರವೆಂದು ತಿಳಿದು ಮೈಗೆ ಹಚ್ಚಿಕೊಂಡರೆ ಅದರ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಚುಚ್ಚಿ ಉರಿ, ಬೊಕ್ಕೆ ಏಳುತ್ತವೆ. ಕತ್ತಾಳೆಯ ಎಲೆ ಮುರಿದರೆ ನಾರು ಎಳೆಎಳೆಯಾಗಿ ಬರುತ್ತದೆ, ತುದಿಯಲ್ಲಿ ಗಟ್ಟಿ ಮುಳ್ಳು. ಲೋಳೆಸರ ಚಟ್ಟನೆ ಮುರಿಯುತ್ತದೆ, ನಾರಿಲ್ಲ, ಒಳಗೆಲ್ಲ ಲೋಳೆ.

ಎರಡು ವರ್ಷ ಮೀರಿದ ಗಿಡದ ಅಡಿಭಾಗದ ಹೊರ ಎಲೆ ಆರಿಸಿ, ಬುಡಕ್ಕೆ ಸೇರಿಸಿ ಕೊಯ್ಯಿರಿ. ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಕೊಯ್ದ ಎಲೆಯ ಲೋಳೆ ತೆಳ್ಳಗಿರುತ್ತದೆ, ಎರಡು ಮೂರು ದಿನ ಹೊಳವಾದ ಮೇಲೆ ಕೊಯ್ದರೆ ದಪ್ಪ. ಕೊಯ್ದ ಬಾಯಿ ಕೆಳಗೆ ಬರುವಂತೆ ಎಲೆಯನ್ನು ಪಾತ್ರೆಯಲ್ಲಿ ಓರೆಯಾಗಿ 15ರಿಂದ 20 ನಿಮಿಷ ನಿಲ್ಲಿಸಿ. ಹಳದಿ ಸೊನೆ ಇಳಿದು ಪಾತ್ರೆಯ ತಳದಲ್ಲಿ ನಿಲ್ಲುತ್ತದೆ. ಎಲೆ ತೊಳೆದು, ಬುಡದಿಂದ ಎರಡು ಬೆರಳಗಲ, ತುದಿಯಿಂದ ನಾಲ್ಕು ಬೆರಳಗಲ ಕತ್ತರಿಸಿ ಬಿಸಾಡಿ. ಎರಡೂ ಅಂಚಿನ ಮುಳ್ಳು ಸವರಿ. ಇಲ್ಲಿ ಕತ್ತಿಯನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಲೇಬೇಕು. ಮುಳ್ಳು ಸವರಿದ ಕತ್ತಿಗೆ ಹತ್ತಿದ ಸೊನೆ ಮುಂದಿನ ಸೀಳಿನಲ್ಲಿ ಲೋಳೆಗೆ ಹೋಗುತ್ತದೆ, ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಆಮೇಲೆ ಚಪ್ಪಟೆ ಬದಿಯ ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿಯೇ ತೆಗೆಯಿರಿ. ಸಿಪ್ಪೆಗೆ ಅಂಟಿದ ಕೊನೆಯ ಲೋಳೆಯನ್ನೂ ಚಮಚದಿಂದ ಹೆರೆಯುವ ಆಸೆ ಬೇಡ, ಸೊನೆಯ ನಾಳಗಳು ಅಲ್ಲೇ ಇರುವುದು. ಲೋಳೆಯ ಗಟ್ಟಿಯನ್ನು ತುಂಡು ಮಾಡಿ, ಕುದಿಸಿ ಆರಿಸಿದ ನೀರಿನಲ್ಲಿ ಹಳದಿ ಛಾಯೆ ಹೋಗುವ ತನಕ ಎರಡು ಮೂರು ಸಲ ತೊಳೆಯಿರಿ. ನಾಲಿಗೆ ತುದಿಗೆ ತಾಗಿಸಿ ನೋಡಿ, ಕಹಿ ಇದ್ದರೆ ಇನ್ನೊಮ್ಮೆ ತೊಳೆಯಬೇಕು.

ಈ ಲೋಳೆಯನ್ನು ಕೂಡಲೇ ಬಳಸಬೇಕು. ಹೊರಗಿಟ್ಟರೆ ಕೆಲವೇ ಗಂಟೆಯಲ್ಲಿ ತೆಳುವಾಗಿ ನೀರಾಗತೊಡಗುತ್ತದೆ. ಕಿಣ್ವಗಳು, ಬ್ಯಾಕ್ಟೀರಿಯಾ ಸೇರಿ ಆ ದೀರ್ಘ ಸಕ್ಕರೆಗಳನ್ನು ಒಡೆಯುವುದೇ ಕಾರಣ. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿದರೆ ಕೆಲವು ವಾರ. ಮಿಕ್ಸಿಗೆ ಹಾಕಿದರೆ ಗಾಳಿ ಬೆರೆತು ಬೇಗ ಕೆಡುತ್ತದೆ. ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ, ಹುಳಿ ವಾಸನೆಯ ಲೋಳೆಯನ್ನು ಮುಖಕ್ಕೂ ಹಚ್ಚಬೇಡಿ. ಬುಡ ಕೊಳೆತು ನೀರು ತುಂಬಿದ ಎಲೆಯಲ್ಲಿ 'ಒಳ್ಳೆಯ ಭಾಗ' ಹುಡುಕುವುದೂ ಬೇಡ. ನಮ್ಮಲ್ಲಿ ಆಷಾಢದಲ್ಲಿ ಗಿಡ ಹೀಗೆ ಕೊಳೆಯುವುದು ಹೆಚ್ಚು. ತಳಕ್ಕೆ ತೂತಿರುವ ಕುಂಡದಲ್ಲಿ ಕೆಂಪು ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ನೆಟ್ಟು, ಮಾಡಿನ ನೀರು ಬೀಳದ ಕಡೆ ಇಟ್ಟರೆ ಮಳೆಗಾಲ ದಾಟಿಸಬಹುದು.

ಲೋಳೆಸರಕ್ಕೆ ಒಳ್ಳೆಯ ಹೆಸರು ಬಂದದ್ದು ಸುಟ್ಟಗಾಯದಲ್ಲಿ. ಚರ್ಮ ಕೆಂಪಾದ, ಹೆಚ್ಚೆಂದರೆ ಸಣ್ಣ ಬೊಕ್ಕೆ ಬಂದ ಸುಟ್ಟಗಾಯ ಇದರಿಂದ ಬೇಗ ಮಾಯುತ್ತದೆಂದು ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಸುಟ್ಟ ಕೂಡಲೇ ಓಡಬೇಕಾದದ್ದು ಲೋಳೆಸರದ ಗಿಡಕ್ಕಲ್ಲ, ನಲ್ಲಿಗೆ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಬೇಡ, ಹಲ್ಲಿನ ಪೇಸ್ಟು, ಕಾಪಿಪುಡಿ, ಬೂದಿ ಯಾವುದೂ ಬೇಡ. ಬಳೆ, ಉಂಗುರ ಊತ ಬರುವ ಮೊದಲೇ ತೆಗೆಯಿರಿ. ಬೊಕ್ಕೆ ಒಡೆಯಬೇಡಿ. ಚರ್ಮ ತಣ್ಣಗಾದ ಮೇಲೆ, ಮೇಲ್ಚರ್ಮ ಕಿತ್ತಿರದಿದ್ದರೆ, ಆಗಷ್ಟೇ ತೆಗೆದ ತಿಳಿ ಲೋಳೆಯನ್ನು ತೆಳುವಾಗಿ ದಿನಕ್ಕೆ ಎರಡು ಮೂರು ಸಲ ಹಚ್ಚಬಹುದು. ಮೊದಲ ಸಲ ಹಚ್ಚುವವರು ಮುಂಗೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ಎಂದು ಮುಂಚೆಯೇ, ಆರೋಗ್ಯವಾಗಿರುವಾಗ, ನೋಡಿಟ್ಟುಕೊಳ್ಳುವುದು ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಮೈಗಾಗದವರಿಗೆ ಇದೂ ಆಗದಿರಬಹುದು. ಅಂಗೈಗಿಂತ ಅಗಲವಾದ ಗಾಯ, ಮುಖ, ಕೈ, ಕೀಲು, ಗುಪ್ತಾಂಗದ ಗಾಯ, ವಿದ್ಯುತ್ತಿನ ಅಥವಾ ಆ್ಯಸಿಡ್ಡಿನ ಗಾಯ, ಬಿಳಿಚಿ ನೋವೇ ಇಲ್ಲದ ಗಾಯ ಇವೆಲ್ಲ ಆಸ್ಪತ್ರೆಯ ಕೆಲಸ. ಶಿರಸಿ, ಸಿದ್ದಾಪುರದ ಆಲೆಮನೆಗಳಲ್ಲಿ ಬೆಲ್ಲದ ಪಾಕ ಸಿಡಿದ ಗಾಯವನ್ನು ಎಂದಿಗೂ ಸಣ್ಣದೆಂದು ತಿಳಿಯಬಾರದು. ನೂರು ಡಿಗ್ರಿ ಮೀರಿದ ಪಾಕ ಚರ್ಮಕ್ಕೆ ಅಂಟಿಕೊಂಡು ಒಳಕ್ಕೆ ಸುಡುತ್ತಲೇ ಹೋಗುತ್ತದೆ. ಅಂಟಿದ ಪಾಕವನ್ನು ಕೀಳದೆ ನೀರು ಸುರಿಯುತ್ತ ಕರಗಿಸಬೇಕು.

ತೆರೆದ, ಆಳವಾದ ಗಾಯಕ್ಕೆ ಲೋಳೆಸರ ಹಚ್ಚಬಾರದು. ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಬಿಟ್ಟುಕೊಂಡ ಹೆಂಗಸರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಮೂಲಿ ಆರೈಕೆಯಲ್ಲಿ ಸರಾಸರಿ 53 ದಿನಕ್ಕೆ ಮಾಯ್ದ ಗಾಯ ಲೋಳೆಸರದ ಜೆಲ್ ಹಚ್ಚಿದವರಲ್ಲಿ 83 ದಿನ ತೆಗೆದುಕೊಂಡಿತು. ಸಿಸೇರಿಯನ್ ಹೊಲಿಗೆಗೆ ಲೋಳೆ ಹಚ್ಚಿ ಎನ್ನುವ ಸಲಹೆ ಬಾಣಂತಿಯರಿಗೆ ಸಿಗುವುದುಂಟು, ಅದನ್ನು ದಯವಿಟ್ಟು ಬಿಡಿ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಮೊಳೆ ಚುಚ್ಚಿದ ಗಾಯ, ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿದ ಆಳ ಗಾಯ ಇವಕ್ಕೂ ಬೇಡ. ಅವಕ್ಕೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯುವುದು, ಒಣ ಬಟ್ಟೆ ಕಟ್ಟುವುದು, ಧನುರ್ವಾಯು ಚುಚ್ಚುಮದ್ದು. ಬೆರಳ ಸಂದಿಯ ಕೆಸರುಹುಣ್ಣಿಗೆ, ತೊಡೆಸಂದಿಯ ಹುಳುಕಡ್ಡಿಗೆ ಲೋಳೆ ಮೆತ್ತಿದರೆ ತೇವ ಉಳಿದು ಶಿಲೀಂಧ್ರ ಇನ್ನಷ್ಟು ಹಬ್ಬುತ್ತದೆ. ಅಲ್ಲಿ ಬೇಕಾದದ್ದು ಒಣಗಿಸುವುದು ಮತ್ತು ವೈದ್ಯರು ಕೊಡುವ, ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮು. ಕಣ್ಣು ಬಂದಾಗ ಲೋಳೆಯನ್ನಾಗಲಿ ಚಹಾದ ನೀರನ್ನಾಗಲಿ ಕಣ್ಣಿಗೆ ಬಿಡಲೇಬಾರದು, ಮನೆಯಲ್ಲಿ ಮಾಡಿದ ಯಾವುದೂ ಕಣ್ಣಿಗೆ ಬಿಡುವಷ್ಟು ಶುದ್ಧವಿರುವುದಿಲ್ಲ.

ಲೋಳೆಸರ ತಿನ್ನುವ ವಿಚಾರ. ಚೆನ್ನಾಗಿ ತೊಳೆದ ಲೋಳೆಯನ್ನು ಎರಡು ಚಮಚದಷ್ಟು ಹಾಕಿ ಅಪರೂಪಕ್ಕೊಮ್ಮೆ ತಂಬುಳಿ ಮಾಡಿ ಉಣ್ಣುವುದರಿಂದ ಆರೋಗ್ಯವಂತರಿಗೆ ತೊಂದರೆಯಿಲ್ಲ. ಇಡೀ ಎಲೆಯನ್ನು ಸಿಪ್ಪೆ ಸಹಿತ ರುಬ್ಬಿ ದಿನವೂ ಬೆಳಿಗ್ಗೆ ಕುಡಿಯುವುದು ಬೇರೆ ಮಾತು. ಅದರಲ್ಲಿ ಸೊನೆ ಪೂರ್ತಿ ಇರುತ್ತದೆ. ಹೊಟ್ಟೆ ಹಿಂಡುವ ಭೇದಿಯಾಗಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯಕ್ಕೆ ಡಿಜಾಕ್ಸಿನ್, ನೀರಿಳಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಯ ಗುಳಿಗೆಯ ಜೊತೆ ಸಕ್ಕರೆ ಹಠಾತ್ತನೆ ಇಳಿಯಬಹುದು. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡದ ತೊಂದರೆಯವರು ಮುಟ್ಟಬಾರದು. ಬಣ್ಣ ತೆಗೆಯದ, ಎಂದರೆ ಸೊನೆಯನ್ನು ಸೋಸಿ ತೆಗೆಯದ, ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಯುವ ನೀರಿನಲ್ಲಿ ಕೊಟ್ಟ ಇಲಿಗಳಲ್ಲಿ ದೊಡ್ಡ ಕರುಳಿನ ಗೆಡ್ಡೆಗಳು ಕಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು 'ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ' ಪಟ್ಟಿಗೆ ಸೇರಿಸಿದೆ. ಅಮೆರಿಕದಲ್ಲಿ 2002ರಲ್ಲೇ ಈ ಸೊನೆಯಿಂದ ಮಾಡಿದ ಭೇದಿ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಲಾಯಿತು.

ಹಸಿರು ಚಹಾದಲ್ಲಿ ಇಂಥ ಭಯವಿಲ್ಲ, ದಿನಕ್ಕೆ ಎರಡು ಮೂರು ಲೋಟ ಕುಡಿಯಬಹುದು. ಆದರೆ ಊಟದ ಜೊತೆ ಬೇಡ. ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ಅದು ಹಿಡಿದುಕೊಳ್ಳುತ್ತದೆ. ರಕ್ತಹೀನತೆ ಇರುವ ಹೆಂಗಸರು, ಹುಡುಗಿಯರು ಊಟದಿಂದ ಒಂದು ಗಂಟೆ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯಿಂದ ಎರಡು ಗಂಟೆ ದೂರವಿಟ್ಟು ಕುಡಿಯಲಿ. ಫೋಲಿಕ್ ಆಮ್ಲ ಹೀರುವುದನ್ನೂ ಚಹಾ ಕಡಿಮೆ ಮಾಡುತ್ತದೆ, ಬಸಿರಿನ ಮೊದಲ ತಿಂಗಳುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ರಕ್ತದೊತ್ತಡಕ್ಕೆ ನಾಡೊಲಾಲ್ ತೆಗೆದುಕೊಳ್ಳುವವರಲ್ಲಿ ಆ ಗುಳಿಗೆ ಮೈಗೆ ಹತ್ತುವುದು ತೀರಾ ಇಳಿಯುತ್ತದೆ. ತೂಕ ಇಳಿಸುತ್ತದೆಂದು ಮಾರುವ ಹಸಿರು ಚಹಾ ಸಾರದ ಕ್ಯಾಪ್ಸೂಲ್ ಮಾತ್ರ ಪೂರ್ತಿ ಬೇರೆ ವಸ್ತು. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಇಂಥ ರೂಪದಲ್ಲಿ ಹೋದರೆ ಯಕೃತ್ತಿಗೆ ಪೆಟ್ಟಾಗುವ ಲಕ್ಷಣ ಕಾಣುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಹೆಚ್ಚು ಹೋಗುತ್ತದೆ, ಅಪಾಯವೂ ಹೆಚ್ಚು.

ನಮಗೆ ಹೆಚ್ಚು ಕಳವಳ ತರುವುದು ಜ್ವರದ ವಿಚಾರ. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರ ಕಾಲಿನ ಸಣ್ಣ ಗೀರಿನಿಂದ ಇಲಿಜ್ವರದ ಲೆಪ್ಟೊಸ್ಪೈರಾ ಒಳಹೋಗುತ್ತದೆ. ಐದರಿಂದ ಹದಿನಾಲ್ಕು ದಿನದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು. ಶುರುವಿನಲ್ಲೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಸಿಕ್ಕಿದರೆ ಗುಣವಾಗುವ ಈ ಕಾಯಿಲೆ, ಚಹಾ ಕಷಾಯ ಕುಡಿಯುತ್ತ ನಾಲ್ಕು ದಿನ ಕಳೆದರೆ ಮೂತ್ರಪಿಂಡ, ಯಕೃತ್ತಿಗೆ ಇಳಿಯುತ್ತದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಬೇಸಿಗೆಯ ಜ್ವರವಾದರೆ ಮಂಗನ ಕಾಯಿಲೆಯ ಅನುಮಾನ ಬೇಕು. ಅದು ವೈರಾಣು, ಅಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಯಾವ ವಸ್ತುವೂ ಉಪಯೋಗಕ್ಕೆ ಬಾರದು. ಗದ್ದೆಗಿಳಿಯುವ ಮುನ್ನ ಕಾಲಿನ ಗೀರಿಗೆ ಲೋಳೆ ಹಚ್ಚಿದರೆ ರಕ್ಷಣೆ ಎಂಬ ನಂಬಿಕೆಯೂ ಬೇಡ. ಕೆಸರು ನೀರಿನಲ್ಲಿ ಅದು ಕ್ಷಣದಲ್ಲಿ ತೊಳೆದುಹೋಗುತ್ತದೆ. ಗೀರಿಗೆ ನೀರು ಹೋಗದ ಪಟ್ಟಿ ಹಾಕಿ ಗಂಬೂಟು ತೊಡುವುದು ವಾಸಿ.

ಕೊನೆಯದಾಗಿ ಪತ್ರಿಕೆಗೆ ನಮ್ಮ ವಿನಂತಿ. ಆರೋಗ್ಯ ಪುಟದಲ್ಲಿ ಲೋಳೆಸರದ ಬಗ್ಗೆ ಬರೆಸುವಾಗ ಎಲೆಯ ಯಾವ ಭಾಗ, ಎಷ್ಟು, ಹಚ್ಚಲಿಕ್ಕೋ ತಿನ್ನಲಿಕ್ಕೋ, ಯಾರಿಗೆ ಬೇಡ ಎಂಬ ನಾಲ್ಕು ವಿವರ ಇಲ್ಲದ ಲೇಖನವನ್ನು ಹಿಂದಕ್ಕೆ ಕಳಿಸಿ. 'ಪ್ರಯೋಗದಲ್ಲಿ ಸಾಬೀತು' ಎಂದಿದ್ದರೆ ಅದು ತಟ್ಟೆಯ ಪ್ರಯೋಗವೋ ರೋಗಿಗಳ ಮೇಲಿನ ಪ್ರಯೋಗವೋ ಎಂದು ಬರೆದವರನ್ನು ಕೇಳಿ. ಬಾಟಲಿಯ ಲೋಳೆಸರ ರಸ ಕೊಳ್ಳುವ ಓದುಗರು ಲೇಬಲ್ಲಿನಲ್ಲಿ 'ಒಳ ಲೋಳೆ ಮಾತ್ರ' ಎಂದಿದೆಯೇ, ಅಲೋಯಿನ್ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗಕ್ಕಿಂತ ಕಡಿಮೆ ಎಂದು ನಮೂದಿಸಿದ್ದಾರೆಯೇ ನೋಡಲಿ. ಹಚ್ಚುವ ಜೆಲ್ ಗಾಢ ಹಸಿರಿದ್ದರೆ ಅದು ಸೇರಿಸಿದ ಬಣ್ಣ, ನಿಜವಾದ ಲೋಳೆಗೆ ಬಣ್ಣವಿಲ್ಲ. ಲೇಬಲ್ಲಿನ ಪದಾರ್ಥಗಳ ಪಟ್ಟಿಯ ಆರಂಭದಲ್ಲೇ ಆಲ್ಕೋಹಾಲ್ ಇದ್ದರೆ ಸುಟ್ಟ ಚರ್ಮಕ್ಕೆ ಅದು ಉರಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಪ್ರಕಟಿಸುವವರಿಗೂ ಅದು ಅನ್ವಯಿಸುತ್ತದೆ. ಲೋಳೆಸರ ರಸದ ಇಂಥ ಜಾಹೀರಾತು ಮುಂದಿನ ಬಾರಿ ಬಂದಾಗ ನಿಮ್ಮ ಜಾಹೀರಾತು ವಿಭಾಗ ಅದನ್ನು ಹಣ ಪಡೆಯುವ ಮುನ್ನವೇ ತಿರಸ್ಕರಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇತಿ,
ಸೂಕ್ಷ್ಮಜೀವಿ ಶಾಸ್ತ್ರ ಮತ್ತು ಔಷಧ ಸಸ್ಯಗಳ ಅಧ್ಯಯನದಲ್ಲಿ ತೊಡಗಿರುವ ಇಬ್ಬರು ಓದುಗರು
ಶಿರಸಿ, ಉತ್ತರ ಕನ್ನಡ